ನೀಲಿ ರಾಣಿಯ ವಯಸ್ಸು

ಹಾರವನ್ನು ಶವದ ಕಾಲ ಬಳಿ ಇಟ್ಟು, ಮುಖ ನೋಡಿಯೂ ನೋಡದವಳಂತೆ ಬಾಗಿಲ ಕಡೆ ತಿರುಗುತ್ತಿದ್ದ ರಾಣಿಯ ಮಣಿಕಟ್ಟನ್ನು ಅತ್ತಿಗೆ ಹಿಡಿದುಕೊಂಡಳು.

"ಎಲ್ಲಿಗೆ ಹೊರಟೆ? ಕೂತ್ಕೋ. ನಿನ್ನಿಂದ ಒಂದು ಕೆಲಸ ಆಗ್ಬೇಕು."

ಇವಳಿಗೆ ಗೊತ್ತಾಗಿದೆ, ಇನ್ನೇನು ನಾಲ್ಕು ಜನರ ಎದುರಿಗೇ ಕೇಳಿಬಿಡುತ್ತಾಳೆ ಅಂದುಕೊಂಡಳು ರಾಣಿ. ಬೆಳಗ್ಗೆ ಫೋನು ಬಂದಿತ್ತು. ಐವತ್ತೊಂಬತ್ತು ವರ್ಷದ ಗಟ್ಟಿ ಆಳು, ನೆಗಡಿ ಅಂತ ಒಂದು ದಿನ ಮಲಗಿದವನಲ್ಲ. ಚಹಾ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಕನ್ನಡಿಯ ಮುಂದೆ ಕುಸಿದನಂತೆ. ಡಾಕ್ಟರು ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು.

ರಾಣಿ ಅಂದರೆ ಅವಳ ಹೆಸರಲ್ಲ. ಹದಿನಾರು ವರ್ಷದಿಂದ ಒಂದೇ ಧಾರಾವಾಹಿಯಲ್ಲಿ ಬೇರೆ ಗ್ರಹದ ನೀಲಿ ಜನರ ರಾಣಿಯಾಗಿ ನಟಿಸಿ ನಟಿಸಿ ಅವಳು ಊರಿಗೆಲ್ಲ ರಾಣಿಯೇ ಆಗಿಹೋಗಿದ್ದಳು. ತರಕಾರಿಯವನೂ ಹಾಗೇ ಕರೆಯುತ್ತಿದ್ದ. ಮಂಚದ ಮೇಲೆ ಮಲಗಿರುವವನು ಆ ಹದಿನಾರು ವರ್ಷವೂ ದಿನಕ್ಕೆ ಮೂರು ಗಂಟೆ ಅವಳ ಮುಖಕ್ಕೆ ನೀಲಿ ಹಚ್ಚಿದ ಮೇಕಪ್ಪಿನವನು. ಅವಳ ಬಾಯಲ್ಲಿ ಅಣ್ಣ. ಹಾಗಾಗಿ ಅವನ ಹೆಂಡತಿ ಅತ್ತಿಗೆ. ಆರು ವಾರದ ಹಿಂದೆ ಆ ಅಣ್ಣನ ಅನ್ನಕ್ಕೆ ಕಲ್ಲು ಹಾಕಿದವಳು ರಾಣಿಯೇ.

"ಹಣೆ ನೋಡು, ಮೇಜಿನ ಅಂಚು ಬಡಿದು ಹೇಗೆ ಸೀಳಿದೆ," ಎಂದಳು ಅತ್ತಿಗೆ. "ಕೆನ್ನೆಯೆಲ್ಲ ಕಪ್ಪಾಗಿದೆ. ಮಗಳು ಬರ್ತಿದ್ದಾಳೆ, ತುಂಬಿದ ಬಸುರಿ. ಅಪ್ಪನ್ನ ಹೀಗೆ ನೋಡಬಾರದು ಅವಳು. ಅವರ ಪೆಟ್ಟಿಗೆ ಇಲ್ಲೇ ಇದೆ. ಒಂದಿಷ್ಟು ಸರಿಮಾಡು."

"ಅತ್ತಿಗೆ, ನಾನು ಹಚ್ಚಿಸಿಕೊಂಡವಳು. ನನಗೆಲ್ಲಿ ಹಚ್ಚೋಕೆ ಬರುತ್ತೆ?"

"ಹದಿನಾರು ವರ್ಷ ಕನ್ನಡೀಲಿ ನೋಡಿದ್ದೀಯಲ್ಲ. ಸಾಕು."

ರಾಣಿ ನೆಲಕ್ಕೆ ಕೂತು ಪೆಟ್ಟಿಗೆ ತೆರೆದಳು.

*

ಅವನು ಬರೀ ಬಣ್ಣ ಹಚ್ಚುವವನಾಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಮೊದಲ ವರ್ಷ ಧಾರಾವಾಹಿಯ ಕತೆಗಾರ ರಾಣಿಯ ಬಾಯಲ್ಲಿ 'ನನಗೆ ನೂರಾ ಎಂಬತ್ತು ವರ್ಷ' ಅಂತ ಬರೆದುಬಿಟ್ಟಿದ್ದ. ನಾಲ್ಕನೇ ವರ್ಷ ಅದನ್ನು ಮರೆತು ಅವಳಿಗೊಬ್ಬ ಮಗನನ್ನು ತಂದ. ಮಗನಿಗೆ ಇನ್ನೂರ ಹತ್ತು. ಅಮ್ಮನಿಗಿಂತ ಮಗ ದೊಡ್ಡವನು. ನೋಡುವ ಜನ ಬಿಡುತ್ತಾರೆಯೇ, ಕಾಗದಗಳ ರಾಶಿಯೇ ಬಂತು. ಕತೆಗಾರ ತಲೆ ಮೇಲೆ ಕೈಹೊತ್ತು ಕೂತ.

"ಅದಕ್ಯಾಕೆ ಅಷ್ಟು ಯೋಚನೆ?" ಎಂದ ಮೇಕಪ್ಪಿನವನು, ಸ್ಪಾಂಜು ಹಿಂಡುತ್ತಾ. "ಆ ಗ್ರಹಕ್ಕೆ ಎರಡು ಚಂದ್ರ ಇವೆ ಅಂತ ನೀವೇ ಬರೆದಿದ್ದೀರಿ. ಗಂಡಸರು ವರ್ಷ ಎಣಿಸೋದು ಚಿಕ್ಕ ಚಂದ್ರನ್ನ ನೋಡಿ, ಹೆಂಗಸರು ದೊಡ್ಡದನ್ನ ನೋಡಿ. ನಮ್ಮನೇಲೂ ಹಾಗೇ. ನನ್ನ ಹತ್ತು ನಿಮಿಷ ಅಂದ್ರೆ ನಮ್ಮವಳಿಗೆ ಒಂದು ಗಂಟೆ."

ಎಲ್ಲರೂ ನಕ್ಕರು, ಕತೆಗಾರ ಹಾಗೆಯೇ ಬರೆದ. ಅಂದಿನಿಂದ ನೀಲಿಯವರ ವಯಸ್ಸಿನ ಮಾತು ಬಂದರೆ ಅವನದೇ ಕೊನೆಯ ಮಾತು. ಅವನೂ ಅದನ್ನು ತಲೆಗೆ ಹಚ್ಚಿಕೊಂಡ. ಮುದಿ ಆಮೆ ನೋಡಬೇಕು ಅಂತ ಮೃಗಾಲಯಕ್ಕೆ ಹೋಗಿ ಇಡೀ ದಿನ ಕೂತ. ಅತ್ತೆಯನ್ನು ಕಿಟಕಿಯ ಬೆಳಕಿಗೆ ಕೂರಿಸಿ, ಕತ್ತೆತ್ತಿ ನಗಿ ಅಂತ ಪೀಡಿಸಿ ಬೈಸಿಕೊಂಡ. ಕೊನೆಗೊಂದು ನಿರ್ಧಾರಕ್ಕೆ ಬಂದ.

"ಯಾವುದು ಹೆಚ್ಚು ದುಡಿಯುತ್ತೋ ಅದು ಮೊದಲು ಮುದಿಯಾಗುತ್ತೆ. ನೀಲಿಯವರು ಮಾತಾಡೋದು ಮೀನಿಗಿರೋ ಹಾಗೆ ಕತ್ತಲ್ಲಿರೋ ಕಿವಿರುಗಳಿಂದ. ಹಾಗಾಗಿ ಅವರ ಮುಪ್ಪೆಲ್ಲ ಕತ್ತಲ್ಲಿ. ಮುಖ ಕೊನೇವರೆಗೂ ಮಗುವಿನ ಮುಖಾನೇ."

ಆಗ ರಾಣಿಗೆ ನಲವತ್ತು. ಬಹಳ ಚೆನ್ನಾಗಿದೆ ಅಂತ ಹೊಗಳಿದ್ದಳು.

ಈಗ ಐವತ್ತೆರಡು. ಮನೆಯಲ್ಲೂ ಕತ್ತಿಗೆ ಬಟ್ಟೆ ಸುತ್ತಿಕೊಂಡೇ ಓಡಾಡುವ ಕಾಲ. ಆರು ವಾರದ ಹಿಂದೆ, ಹೊಸ ಕಂತುಗಳ ಚಿತ್ರೀಕರಣದ ಮೊದಲ ದಿನ, ಕಣ್ಣು ಬಿಟ್ಟು ಕನ್ನಡಿ ನೋಡಿದರೆ ಗದ್ದದ ಕೆಳಗೆ ಮಾಸಿದ ನೀಲಿ ರಬ್ಬರಿನ ಮೂರು ಮಡಿಕೆ ಜೋತುಬಿದ್ದಿದ್ದವು. ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ನನ್ನ ಕತ್ತು ನೋಡಿ ಆಡಿಕೊಳ್ತಿದ್ದೀಯ?"

"ರಾಣೀ, ನನ್ನ ಮಾತು ಕೇಳು. ಇದು ನಿನ್ನ ಒಳ್ಳೇದಕ್ಕೆ."

ಅವಳು ಕೇಳಲಿಲ್ಲ. ಆ ಮಡಿಕೆಗಳನ್ನು ಹಾಗೇ ಹೊತ್ತುಕೊಂಡು ನೇರವಾಗಿ ನಿರ್ಮಾಪಕರ ಕೋಣೆಗೆ ಹೋಗಿ, ಒಂದೋ ಅವನಿರಬೇಕು, ಇಲ್ಲಾ ನಾನಿರಬೇಕು ಎಂದಳು. ಅವರು ಒಂದು ಮಾತೂ ಎದುರಾಡದೆ ಅವನನ್ನು ತೆಗೆದರು. ತನ್ನ ಮಾತಿಗೆ ಇಷ್ಟು ಬೆಲೆ ಇದೆಯಲ್ಲ ಅಂತ ಅವತ್ತು ಬೀಗಿದ್ದಳು.

*

ಹಣೆಯ ಗಾಯಕ್ಕೆ ಮೇಣ ತುಂಬುತ್ತಿದ್ದಾಗ ಕತೆಗಾರ ಬಂದು ಪಕ್ಕದಲ್ಲಿ ಕೂತ. ಅವನ ಕಣ್ಣು ಊದಿಕೊಂಡಿತ್ತು.

"ನೀವು ಬಂದಿದ್ದು ಒಳ್ಳೇದಾಯ್ತು ಮೇಡಂ. ನಿಮಗೋಸ್ಕರ ಎಷ್ಟು ಗುದ್ದಾಡಿದ ಪುಣ್ಯಾತ್ಮ."

"ನನಗೋಸ್ಕರಾನಾ?"

"ಅಯ್ಯೋ, ನಿಮಗೆ ಯಾರೂ ಹೇಳೇ ಇಲ್ವಾ?" ಕತೆಗಾರ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ನಿಮ್ಮ ಕತ್ತು ರಬ್ಬರಿನ ಕೆಳಗೆ ಅಲ್ಲಾಡುತ್ತೆ ಅಂತ ಕ್ಯಾಮೆರಾದವರು ದೂರು ಕೊಟ್ಟಿದ್ರು. ನಿರ್ಮಾಪಕರು ಒಂದು ಉಪಾಯ ಮಾಡಿದ್ರು. ರಾಣಿ ಹಾವಿನ ಹಾಗೆ ಪೊರೆ ಬಿಡ್ತಾಳೆ, ಒಳಗಿಂದ ಹರೆಯದವಳಾಗಿ ಎದ್ದು ಬರ್ತಾಳೆ. ಇಪ್ಪತ್ನಾಲ್ಕು ವರ್ಷದ ಒಬ್ಬಳನ್ನ ನೋಡಿಯೂ ಇಟ್ಟಿದ್ರು."

ರಾಣಿಯ ಕೈ ನಿಂತುಹೋಯಿತು.

"ಇವನು ಒಪ್ಪಲೇ ಇಲ್ಲ. ನೀಲಿಯವರು ಪೊರೆ ಬಿಡೋ ಜಾತಿ ಅಲ್ಲ, ಮುದುಕರಾಗೋ ಜಾತಿ. ಇನ್ನೊಬ್ಬಳ ಮುಖಕ್ಕೆ ನನ್ನ ಕೈಯಿಂದ ನೀಲಿ ಹಚ್ಚಲ್ಲ ಅಂದ. ಆ ಮೂರು ಮಡಿಕೆ ಇತ್ತಲ್ಲ, ಅದಕ್ಕೇ ಮಾಡಿದ್ದು. ನಿಮ್ಮ ಕತ್ತು ಅಲ್ಲಾಡಿದರೆ ರಾಣಿಯ ಮುಪ್ಪೇ ಅಲ್ಲಾಡಿದ ಹಾಗೆ ಕಾಣ್ಬೇಕು ಅಂತ. ಅವನು ಮೊದಲು ತನ್ನ ಕತ್ತಿಗೇ ಅಂಟಿಸಿಕೊಂಡು ತೆಗೆಸಿದ್ದನ್ನ ನಾನು ಪರದೆ ಮೇಲೆ ನೋಡಿದ್ದೆ. ಮೈ ಜುಂ ಅಂದಿತ್ತು."

"ಈಗ?"

"ಅವನನ್ನ ತೆಗೆದ ಮಾರನೇ ದಿನಾನೇ, ಹೊಸದರಲ್ಲಿ ಎಂಟನೇ ಕಂತಿಗೆ ರಾಣಿ ಪೊರೆ ಬಿಡೋದನ್ನ ಬರಿ ಅಂದ್ರು. ಬರೆದುಕೊಟ್ಟೆ. ಹೊಟ್ಟೆಪಾಡು ಮೇಡಂ, ಏನ್ಮಾಡ್ಲಿ?"

ನಿರ್ಮಾಪಕರು ಅಷ್ಟು ಬೇಗ ಒಪ್ಪಿದ್ದು ಯಾಕೆ ಎಂದು ರಾಣಿಗೆ ಈಗ ಹೊಳೆಯಿತು. ಕತೆಗಾರ ಮುಂದೆ ಹೇಳಿದ್ದು ಯಾವುದೂ ಕಿವಿಗೆ ಬೀಳಲಿಲ್ಲ. ಅವನು ಎದ್ದುಹೋದ ಮೇಲೆ ಬೆರಳಿನ ಮೇಣದಿಂದ ಗಾಯ ಮುಚ್ಚಿ, ಕೆನ್ನೆಯ ಕಪ್ಪಿನ ಮೇಲೆ ಬಣ್ಣ ಹಚ್ಚಿ ಮುಗಿಸಿದಳು.

"ಅತ್ತಿಗೆ," ಎಂದಳು ಕೊನೆಗೆ. "ಅಣ್ಣನ್ನ ತೆಗೆಸಿದ್ದು ನಾನು."

"ಗೊತ್ತು."

"ಯಾವಾಗಿಂದ?"

"ಅವತ್ತಿನಿಂದಾನೇ. ಮನೆಗೆ ಬಂದ ತಕ್ಷಣ ಇವರೇ ಹೇಳಿದ್ರು." ಅತ್ತಿಗೆ ಗಂಡನ ಅಂಗಿಯ ಕಾಲರು ಸರಿಮಾಡಿದಳು. "ಅವಳಿಗೆ ನಿಜ ಹೇಳಬೇಡ ಅಂದ್ರು. ನನ್ನ ಮೇಲೆ ಕೋಪ ಮಾಡಿಕೊಂಡ್ರೆ ನಾಲ್ಕು ದಿನಕ್ಕೆ ಇಳಿಯುತ್ತೆ, ತನ್ನನ್ನೇ ಬೇಡ ಅಂದ್ರು ಅಂತ ಗೊತ್ತಾದ್ರೆ ಅವಳು ತಡ್ಕೊಳ್ಳಲ್ಲ ಅಂದ್ರು. ನನಗಂತೂ ನಿನ್ನ ಮುಖ ನೋಡಬಾರದು ಅನ್ನೋವಷ್ಟು ಸಿಟ್ಟಿತ್ತು. ನಿನ್ನೆವರೆಗೂ ಇತ್ತು. ಬೆಳಗ್ಗಿಂದ ಹುಡುಕ್ತಿದ್ದೀನಿ, ಸಿಗ್ತಾನೇ ಇಲ್ಲ."

ರಾಣಿ ಅತ್ತಳು. ಸೆಟ್ಟಿನಲ್ಲಿ ನೂರು ಸಲ ಅತ್ತಿದ್ದಳು, ಅದು ಯಾವುದೂ ಈ ಅಳುವಿನ ಹಾಗಿರಲಿಲ್ಲ. ಅತ್ತಿಗೆ ಅವಳ ಭುಜ ಮುಟ್ಟಿದಳು.

"ಮುಖ ಆಯ್ತಲ್ಲ. ಎಡಗೈ ಒಂದು ಉಳಿದಿದೆ. ಸ್ನಾನ ಮಾಡಿಸುವಾಗ ಎಷ್ಟು ಉಜ್ಜಿದ್ರೂ ಬಣ್ಣ ಹೋಗಲಿಲ್ಲ, ಅದಕ್ಕೇ ತುಂಬುತೋಳಿನ ಅಂಗಿ ಹಾಕಿಸ್ದೆ. ಪೆಟ್ಟಿಗೇಲಿ ಸ್ಪಿರಿಟ್ ಇರಬೇಕು, ಒರೆಸಿಬಿಡು. ಎತ್ತುವಾಗ ತೋಳು ಸರಿದರೆ ಜನ ಏನಂದ್ಕೋತಾರೆ?"

"ಯಾವ ಬಣ್ಣ? ಆರು ವಾರದಿಂದ ಕೆಲಸಾನೇ ಇರಲಿಲ್ಲವಲ್ಲ."

"ಅವರು ಸುಮ್ಮನೆ ಕೂರೋ ಪೈಕಿನಾ? ದಿನಾ ಆ ಕನ್ನಡಿ ಮುಂದೆ ಕೂತು ಏನೋ ಬಳ್ಕೊಳ್ತಿದ್ರು. ಬೆಳಗ್ಗೆನೂ ಅದನ್ನೇ ಮಾಡ್ತಿದ್ರು."

ರಾಣಿ ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿಕೊಂಡು ಅಂಗಿಯ ಗುಂಡಿ ಬಿಚ್ಚಿ ತೋಳು ಮಡಚಿದಳು. ಮಣಿಕಟ್ಟಿನಿಂದ ಮೊಣಕೈವರೆಗೆ ಅಗಲವಾದ ಪಟ್ಟೆಗಳಿದ್ದವು. ಮೊದಲನೆಯದು ಅವಳ ಹದಿನಾರು ವರ್ಷದ ಕಡುನೀಲಿ. ಮುಂದಿನದು ಒಂದಿಷ್ಟು ಮಾಸಿದ್ದು, ಅದರಾಚೆಯದು ಇನ್ನಷ್ಟು, ಅದರ ಮೇಲೆ ತೆಳು ರಬ್ಬರಿನ ಮಡಿಕೆ. ಮೊದಲನೆಯದು ಬಿಟ್ಟು ಒಂದೊಂದು ಪಟ್ಟೆಯ ಪಕ್ಕದಲ್ಲೂ ಸಣ್ಣ ಕುಂಚದ ಅಕ್ಷರವಿತ್ತು. ಹದಿನೇಳನೇ ವರ್ಷ. ಇಪ್ಪತ್ತನೇ ವರ್ಷ. ಇಪ್ಪತ್ತೈದನೇ ವರ್ಷ. ಮೊಣಕೈಯ ಹತ್ತಿರ, ಬೂದಿಯಷ್ಟು ತಿಳಿಯಾದ ಕೊನೆಯ ಪಟ್ಟೆಗೆ: ಮೂವತ್ತನೇ ವರ್ಷ, ರಾಣಿ ಕೂತು ಮಾತಾಡಬೇಕು, ನಿಲ್ಲಿಸಬಾರದು, ಮಂಡಿನೋವು.

ಹೊರಗೆ ಜನ ಬರತೊಡಗಿದ್ದರು. "ಆಯ್ತಾ?" ಎಂದಳು ಅತ್ತಿಗೆ.

ರಾಣಿ ಹತ್ತಿಯನ್ನು ಕಿಟಕಿಯಾಚೆ ಎಸೆದಳು. ಅಂಗಿಯ ತೋಳನ್ನು ಮೊಣಕೈ ದಾಟಿಸಿ ಮೇಲಕ್ಕೆ ಮಡಚಿದಳು, ಜಾರದಂತೆ ತನ್ನ ಸೆರಗಿನ ಪಿನ್ನು ತೆಗೆದು ಚುಚ್ಚಿದಳು, ಆಮೇಲೆ ಆ ನೀಲಿ ಕೈಯನ್ನು ಅವನ ಎದೆಯ ಮೇಲೆ, ಬಾಗಿಲಿಂದ ಬರುವವರಿಗೆ ಮೊದಲು ಕಾಣುವ ಹಾಗೆ ಇಟ್ಟಳು.