ಕದಲಬಾರದ ಕಾಯಿ

ಮಹೇಂದ್ರನ ತಲೆಗೆ ಒಂದು ಸಲ ಏನಾದರೂ ಹೊಕ್ಕರೆ ಮುಗಿಯಿತು, ಬ್ರಹ್ಮ ಬಂದರೂ ತೆಗೆಯಲಾಗದು. ನನ್ನ ಚಿಕ್ಕಪ್ಪನ ಮಗ. ನನಗಿಂತ ದೊಡ್ಡವನು, ಬುದ್ಧಿಯಲ್ಲಿ ಅಲ್ಲ. ಹುಣಸಮಾರನಹಳ್ಳಿಯ ನಮ್ಮ ಮನೆಯ ನಡುಮನೆಯಲ್ಲಿ ಕೂತು ನಾವಿಬ್ಬರೂ ಒಂದು ಯುದ್ಧದಾಟ ಕಟ್ಟುತ್ತಿದ್ದೆವು. ಬೋರ್ಡು, ದಾಳ, ಕಾಯಿಗಳ ಆಟ. ಕಥೆ ನಮ್ಮ ವಂಶದ್ದೇ.

ಯಾವುದೋ ಕಾಲದಲ್ಲಿ ಊರಿನ ಮೇಲೆ ಕುದುರೆ ದಂಡು ಬಿತ್ತಂತೆ. ನಮ್ಮ ಹಿರಿಯನೊಬ್ಬ ಕೆರೆ ಏರಿಯ ಮೇಲೆ ಒಬ್ಬನೇ ಕತ್ತಿ ಹಿಡಿದು ನಿಂತು, ಹೆಂಗಸರು ಮಕ್ಕಳೆಲ್ಲ ಆಚೆ ದಾಟುವವರೆಗೂ ಅದನ್ನು ತಡೆದನಂತೆ. ಆ ಕೆರೆ ಈಗ ಅಪಾರ್ಟ್‌ಮೆಂಟು. ಅವನ ವೀರಗಲ್ಲು ಮಾತ್ರ ನಮ್ಮ ಹಿತ್ತಲಲ್ಲಿದೆ. ದಿನಾ ಸಂಜೆ ಅಜ್ಜಿ ಮುನಿಕೆಂಪಮ್ಮ ಅಲ್ಲಿ ದೀಪ ಹಚ್ಚಿ, "ಇನ್ನೊಂಚೂರು ತಡ್ಕೊಳಪ್ಪಾ, ಜನ ಇನ್ನೂ ದಾಟ್ತಾವ್ರೆ" ಅನ್ನುತ್ತಿದ್ದಳು. ಅವಳ ಅತ್ತೆಯೂ ಅದನ್ನೇ ಅನ್ನುತ್ತಿದ್ದಳಂತೆ. ಯಾಕಜ್ಜಿ ಎಂದರೆ, "ದಾಟಿದ್ರು ಅಂದ್ರೆ ಅವ್ನು ಬಂದ್ಬಿಡ್ತಾನೆ. ಏರಿ ಬರಿದಾಯ್ತದೆ" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಆಟದಲ್ಲಿ ಆ ಹಿರಿಯನಿಗೆಂದು ಇಟ್ಟ ಕಾವಲಿನ ಕಾಯಿಯ ಮೇಲೇ ನಮ್ಮ ಜಗಳ.

"ಅದು ಕದಲೋ ಹಾಗಿಲ್ಲ ಕಣೋ. ನಡೆದಿದ್ದೇ ಹಾಗೆ," ಅಂದೆ ನಾನು.

"ಕದಲದೇ ಇರೋ ಕಾಯಿ ಇಟ್ಕೊಂಡು ಯಾರ್ ಆಡ್ತಾರೆ ಹರ್ಷಿ? ಆಡೋನಿಗೆ ಒಂದು ದಾರಿ ಬಿಡ್ಬೇಕು. ಬರೀ ಇತಿಹಾಸ ಬೇಕಂದ್ರೆ ಲೈಬ್ರರಿಗೆ ಹೋಗ್ತಾರೆ."

ಕಿತ್ತಾಡಿ ಕಿತ್ತಾಡಿ ಒಂದು ನಿಯಮಕ್ಕೆ ಬಂದೆವು. ಜನ ದಾಟಿದ ಮೇಲೆ ಕಾವಲುಗಾರ ಮನೆಗೆ ಬರಬಹುದು. ಆದರೆ ಅವನ ಜಾಗಕ್ಕೆ ಇನ್ನೊಂದು ಕಾಯಿ ಹೋಗಿ ನಿಲ್ಲಬೇಕು. ಚೌಕಾಬಾರದಲ್ಲಿ ಪಳಗಿದ ಅಜ್ಜಿ ಪಕ್ಕದಲ್ಲೇ ಕೂತು ಕೇಳಿಸಿಕೊಂಡಳು. "ಇದು ಸರಿಯಾದ ಮಾತು," ಅಂದಳು.

ಅವತ್ತು ಸಂಜೆ ಮನೆಯಲ್ಲಿ ನಾವು ಮೂವರೇ. ಉಳಿದವರೆಲ್ಲ ಮದುವೆಗೆ ಹೋಗಿದ್ದರು. ಅಜ್ಜಿಗೆ ಮಂಡಿ ಹಿಡಿದಿತ್ತು. ಕಾಯಿಗಳಿಗೆ ಬಳಿಯುತ್ತಿದ್ದ ನನ್ನ ಕೈತುಂಬ ಬಣ್ಣ. ದೀಪ ಹಚ್ಚಲು ಮಹೇಂದ್ರ ಹೋದ. ನಗುತ್ತಾ ಬಂದ.

"ಪಾಪ ಕಣೇ, ಎಷ್ಟು ಕಾಲ ಅಂತ ನಿಲ್ತಾನೆ? ಎಲ್ರೂ ದಾಟಿದ್ರು ತಾತ, ಮನೆಗೆ ಬಾ ಅಂದ್ಬಿಟ್ಟೆ."

"ಥೂ ನಿನ್ನ!" ಎಂದೆ. ಅಷ್ಟರಲ್ಲಿ ಹಿತ್ತಲ ಬಾಗಿಲು ತೆರೆಯಿತು. ಯಾರೂ ಇರಲಿಲ್ಲ. ಟೈಲ್ಸಿನ ಮೇಲೆ ಒದ್ದೆ ಹೆಜ್ಜೆಯೊಂದು ಮೂಡಿತು, ಅದರ ಮುಂದೆ ಇನ್ನೊಂದು. ಕೆರೆ ಕೆಸರಿನ ವಾಸನೆ. ಹೆಜ್ಜೆಗಳು ನಮ್ಮನ್ನು ದಾಟಿ ಮೂಲೆಯಲ್ಲಿದ್ದ ಅಜ್ಜಿಯ ಖಾಲಿ ಚಾಪೆಯವರೆಗೆ ಹೋದವು. ಚಾಪೆ ಸರಕ್ಕೆಂದಿತು. ಬಹಳ ದಣಿದವರು ಮಲಗುವಾಗ ಬಿಡುವಂಥ ಉಸಿರು ಕೇಳಿತು.

ಆಮೇಲೆ ಹಿತ್ತಲಾಚೆಯಿಂದ ಕುದುರೆ ಗೊರಸಿನ ಸದ್ದು. ಏರ್‌ಪೋರ್ಟ್ ರಸ್ತೆಯ ಗದ್ದಲ ನಿಂತೇಹೋಗಿತ್ತು. ಒಂದು ನಾಯಿಯೂ ಬೊಗಳಲಿಲ್ಲ.

ಅಜ್ಜಿ ಚಾಪೆ ನೋಡಿದಳು, ಬೋರ್ಡು ನೋಡಿದಳು, ಊರುಗೋಲು ಎತ್ತಿಕೊಂಡಳು.

"ಎಲ್ಲಿಗಜ್ಜೀ?"

"ಬದ್ಲಿ ಓಗ್ಬೇಕು ಅಂತ ನೀವೇ ತಾನೆ ಮಾಡಿದ್ದು?"

"ನಾನ್ ಹೋಗ್ತೀನಿ," ಎಂದು ಮಹೇಂದ್ರ ಎದ್ದ. ಅಜ್ಜಿ ಅವನ ಎದೆಗೆ ಕೋಲು ಒತ್ತಿ ಕೂರಿಸಿದಳು. "ನೀವು ದಾಟೋರು ಕಣ್ಲಾ. ಕೂತ್ಕೊ."

ಹೋದವಳು ಹೊರಗಿನಿಂದ ಚಿಲಕ ಹಾಕಿದಳು. ಗೊರಸಿನ ಸದ್ದು ಗೋಡೆಯವರೆಗೂ ಬಂತು, ಒಮ್ಮೆಲೇ ನಿಂತಿತು. ನಾವು ಮುಂಬಾಗಿಲಿನಿಂದ ಸುತ್ತಿಕೊಂಡು ಓಡಿದೆವು. ಅಜ್ಜಿ ಇರಲಿಲ್ಲ. ಕಲ್ಲಿನಲ್ಲಿ ಕತ್ತಿ ಹಿಡಿದವನ ಜಾಗದಲ್ಲಿ, ಕೋಲು ಹಿಡಿದ ಹೆಂಗಸೊಬ್ಬಳು ನಿಂತಿದ್ದಳು, ಬೆನ್ನು ಬಗ್ಗಿತ್ತು.

ಪೊಲೀಸರು ಇನ್ನೂ ಹುಡುಕುತ್ತಿದ್ದಾರೆ. ದೀಪ ಈಗ ನಾನೇ ಹಚ್ಚುತ್ತೇನೆ. ಮಹೇಂದ್ರನನ್ನು ಹಿತ್ತಲಿಗೆ ಬಿಡುವುದಿಲ್ಲ; ಬಿಟ್ಟರೆ ಅವಳನ್ನು ಕರೆದು ತಾನು ನಿಂತುಬಿಡುತ್ತಾನೆ, ಅಷ್ಟು ಹುಂಬ. ಕರೆಯಬೇಕು ಎಂದು ನನಗೂ ಅನ್ನಿಸುತ್ತದೆ. ಕರೆದರೆ ಯಾರನ್ನು ಕಳಿಸಲಿ?

ನಿನ್ನೆ ಬತ್ತಿ ಸರಿಮಾಡುವಾಗ ಕಲ್ಲಿನೊಳಗಿಂದ ಅವಳ ದನಿ ಬಂತು.

"ಎಲ್ರೂ ದಾಟಿದ್ರಾ ಮಗಾ? ಮಂಡಿ ನೋಯ್ತದೆ."

"ಇಲ್ಲಜ್ಜಿ," ಅಂದೆ. "ಇನ್ನೊಂಚೂರು ತಡ್ಕೊ."