ಅವನು ಸುಮ್ಮನಾದ ದಿನ

ಬೆಳಗಿನಿಂದ ಅವನು ಒಂದು ಸಲವೂ ಗುಡುಗಿರಲಿಲ್ಲ. ಸ್ತ್ರೊಂಬೊಲಿ ದ್ವೀಪದ ಜನ ತಮ್ಮ ಬೆಂಕಿಬೆಟ್ಟವನ್ನು ಹೆಸರು ಹಿಡಿದು ಕರೆಯುವುದಿಲ್ಲ. ಗಂಡನ ಹೆಸರು ಹೇಳದ ಹಳೇ ಕಾಲದ ಹೆಂಗಸರ ಹಾಗೆ ಬರೀ 'ಅವನು' ಎನ್ನುತ್ತಾರೆ. ಕಾಲು ಗಂಟೆಗೊಮ್ಮೆ ಗುಡುಗುವುದು, ಒಂದಿಷ್ಟು ಹೊಗೆ ಕಾರುವುದು, ನಾಲ್ಕು ಕಲ್ಲು ಉರುಳಿಸುವುದು ಅವನ ಅಭ್ಯಾಸ. ಆ ಸದ್ದಿಗೆ ಬೆಟ್ಟದ ಬುಡದ ಪುಟ್ಟ ಊರು ಜಿನೋಸ್ತ್ರದಲ್ಲಿ ತೊಟ್ಟಿಲ ಮಗು ಕೂಡ ಎಚ್ಚರಗೊಳ್ಳುವುದಿಲ್ಲ. ಸದ್ದು ನಿಂತರೆ ಮಾತ್ರ ಊರಿಗೆ ಊರೇ ಎದ್ದು ಕೂರುತ್ತದೆ. ಬಿಗಿಹಿಡಿದ ಉಸಿರನ್ನು ಯಾವತ್ತಾದರೂ ಬಿಡಲೇಬೇಕಲ್ಲ.

ಈ ಪುಣ್ಯಾತ್ಮ ಇವತ್ತೇ ಸುಮ್ಮನಾಗಬೇಕಿತ್ತೇ ಎಂದು ಬಾರ್ತೊಲಾ ಶಪಿಸುತ್ತಿದ್ದಳು. ಹತ್ತು ಗಂಟೆಯ ಹಡಗಿಗೆ ಹೊಸ ಟೀಚರಮ್ಮ ಊರು ನೋಡಲು ಬರುವವಳಿದ್ದಳು. ಹಿಂದಿನವಳು ಹನ್ನೊಂದು ದಿನ ಇದ್ದು ಗಂಟುಮೂಟೆ ಕಟ್ಟಿದ್ದಳು. ಅವಳ ನಂತರದವಳಂತೂ ಹಡಗಿನಿಂದ ದೋಣಿಗೇ ಇಳಿಯಲಿಲ್ಲ. ಇವಳೂ ಒಪ್ಪದಿದ್ದರೆ ಸೆಪ್ಟೆಂಬರಿಗೆ ಶಾಲೆಗೆ ಬೀಗ ಎಂದು ಮೇಲಿನಿಂದ ಕಾಗದ ಬಂದಿತ್ತು. ಶಾಲೆಯಲ್ಲಿದ್ದದ್ದೇ ಮೂರು ಮಕ್ಕಳು. ಅದರಲ್ಲೊಬ್ಬಳು ಬಾರ್ತೊಲಾಳ ಮಗಳು ಸಾಂತಿನಾ, ಏಳು ವರ್ಷದವಳು. ಶಾಲೆ ಮುಚ್ಚಿದರೆ ಅವಳನ್ನು ಲಿಪಾರಿ ದ್ವೀಪದ ಸನ್ಯಾಸಿನಿಯರ ಹಾಸ್ಟೆಲಿಗೆ ಹಾಕಬೇಕು. ಚಳಿಗಾಲದಲ್ಲಿ ಸಮುದ್ರ ಕೆರಳಿತೆಂದರೆ ವಾರಗಟ್ಟಲೆ ಮಗುವಿನ ಮುಖ ನೋಡುವ ಹಾಗಿಲ್ಲ.

ಅವನು ಸುಮ್ಮನಾದ ದಿನ ಊರಿನವರು ಕಿಟಕಿ ಬಾಗಿಲುಗಳನ್ನೆಲ್ಲ ಹಾರುಹೊಡೆದಿಡುತ್ತಾರೆ. ಸಿಡಿದರೆ ಮುಚ್ಚಿದ ಗಾಜು ಪುಡಿಪುಡಿಯಾಗಿ ಮೈಗೆ ಚುಚ್ಚುತ್ತದೆ. ಕತ್ತೆಗಳ ಹಗ್ಗ ಬಿಚ್ಚಿಬಿಡುತ್ತಾರೆ. ಒಲೆ ಹಚ್ಚುವುದಿಲ್ಲ. ಬಾರ್ತೊಲಾ ಕೊನೆಯ ಕಿಟಕಿಯನ್ನು ತೆರೆದು ಕೊಂಡಿ ಸಿಕ್ಕಿಸುತ್ತಿದ್ದಾಗ ಪಕ್ಕದ ಮನೆಯ ನತಾಲೆ ಅಜ್ಜ ಬೇಲಿಯ ಆಚೆಯಿಂದ ಕೇಳಿದ.

"ಏನೇ ಬಾರ್ತೊಲಾ, ಬರೋಳಿಗೆ ಹೇಳ್ತೀಯೋ ಇಲ್ವೋ?"

"ಅಜ್ಜ, ನಿನ್ನ ದಮ್ಮಯ್ಯ, ನಾಲ್ಕು ಗಂಟೆ ಹಡಗು ಹೋಗೋ ತನಕ ಬಾಯಿಗೊಂದು ಬೀಗ ಹಾಕ್ಕೋ."

"ನನ್ ಬಾಯಿಗೆ ಹಾಕ್ಕೋಬಹುದು. ಅವನ ಬಾಯಿಗೆ ಯಾರು ಹಾಕ್ತಾರೆ?"

ಟೀಚರಮ್ಮನನ್ನು ಹಡಗಿನಿಂದ ದೋಣಿಗಿಳಿಸಿ ದಡಕ್ಕೆ ತಂದವನು ಬಾರ್ತೊಲಾಳ ಗಂಡ ಒನೊಫ್ರಿಯೊ. ಅವಳ ಹೆಸರು ರೆನಾತಾ, ಊರು ಉತ್ತರದ ನೊವಾರಾ, ವಯಸ್ಸು ಮೂವತ್ತರ ಆಸುಪಾಸು. ಮೆಟ್ಟಿಲು ಹತ್ತಿ ಬಂದರೂ ಏದುಸಿರಿಲ್ಲ, ಮುಖದ ತುಂಬ ನಗು. ಒಳ್ಳೆಯ ಹುಡುಗಿ ಎಂದು ನೋಡಿದ ತಕ್ಷಣ ಗೊತ್ತಾಗಿ ಬಾರ್ತೊಲಾಳ ಸಂಕಟ ಇನ್ನೂ ಹೆಚ್ಚಾಯಿತು.

"ಎಂಥ ಊರು ರೀ ನಿಮ್ಮದು! ಒಂದು ಮನೆಗೂ ಬಾಗಿಲು ಹಾಕಿಲ್ಲ. ಕತ್ತೆಗಳನ್ನೂ ಕಟ್ಟಿಲ್ಲ. ನಮ್ಮ ನೊವಾರಾದಲ್ಲಿ ಸೈಕಲ್ಲಿಗೂ ಎರಡೆರಡು ಬೀಗ," ಎಂದಳು ರೆನಾತಾ, ಬಾರ್ತೊಲಾಳ ಮನೆಯಲ್ಲಿ ಊಟಕ್ಕೆ ಕೂರುತ್ತಾ. ಅಷ್ಟರಲ್ಲಿ ಅಜ್ಜನ ಕತ್ತೆ ಅಡುಗೆಮನೆಯ ಬಾಗಿಲಲ್ಲಿ ತಲೆ ತೂರಿಸಿತು. ಅದಕ್ಕೂ ಅವಳು ಬ್ರೆಡ್ಡು ಮುರಿದು ಕೊಟ್ಟಳು.

"ಇಲ್ಲಿ ಎಲ್ರೂ ನಮ್ಮವರೇ, ಟೀಚರಮ್ಮ," ಎಂದಳು ಬಾರ್ತೊಲಾ.

"ಬೆಟ್ಟ ಹಗಲೂ ರಾತ್ರಿ ಅಬ್ಬರಿಸುತ್ತೆ ಅಂತ ಎಲ್ಲ ಹೆದರಿಸಿದ್ರು. ನೋಡಿದ್ರೆ ಹಕ್ಕಿ ರೆಕ್ಕೆ ಬಡಿಯೋದೂ ಕೇಳಿಸ್ತಿದೆ."

"ಇವತ್ತು ಅವನು..." ಎಂದು ಸಾಂತಿನಾ ಬಾಯಿ ತೆರೆದಳು. ಬಾರ್ತೊಲಾ ಅದೇ ಬಾಯಿಗೆ ಟೊಮೇಟೊ ಹಚ್ಚಿದ ಬ್ರೆಡ್ಡು ತುರುಕಿದಳು. "ತಿನ್ನೋವಾಗ ಮಾತಾಡಬಾರದು ಅಂತ ಎಷ್ಟು ಸಲ ಹೇಳಿದೀನಿ?"

ಒಲೆ ಹಚ್ಚದ ಮನೆಯಲ್ಲಿ ತಣ್ಣನೆಯ ಊಟ: ಬ್ರೆಡ್ಡು, ಡಬ್ಬಿಯ ಮೀನು, ಉಪ್ಪಿಗೆ ಹಾಕಿದ ಕೇಪರ್ ಮೊಗ್ಗು. ರೆನಾತಾ ಬೆರಳು ಚೀಪಿಕೊಂಡು ಉಂಡಳು. ಸಾಂತಿನಾಳ ಕೈಲಿ ಒಂದು ಪುಟ ಓದಿಸಿದಳು, ತಪ್ಪಿದಲ್ಲಿ ನಗದೆ ತಿದ್ದಿದಳು. ಆಮೇಲೆ ಚೀಲದಿಂದ ಒಪ್ಪಿಗೆ ಪತ್ರ ತೆಗೆದು ಅಲ್ಲೇ ಊಟದ ಮೇಜಿನ ಮೇಲೆ ಸಹಿ ಹಾಕಿಬಿಟ್ಟಳು. ಊರಿನ ಟಪಾಲು ಚೀಲ ಇರುವುದು ಬಾರ್ತೊಲಾಳ ಮನೆಯಲ್ಲೇ. ಅವಳು ಪತ್ರವನ್ನು ಅದರೊಳಗೆ ಹಾಕಿ ಎರಡು ಗಂಟು ಬಿಗಿದಳು. ನಾಲ್ಕಕ್ಕೆ ಚೀಲ ಹಡಗು ಹತ್ತಿದರೆ ಮಗಳು ಊರಲ್ಲೇ ಉಳಿದಳು.

"ಇನ್ನೂ ಹೊತ್ತಿದೆಯಲ್ಲ, ಒಂದು ಸಲ ನೀರಿಗಿಳಿದು ಬರ್ತೀನಿ," ಎಂದು ರೆನಾತಾ ಟವೆಲು ಹೆಗಲಿಗೆ ಹಾಕಿಕೊಂಡು ಹೊರಟಳು. ಸದ್ಯ, ಅಲ್ಲಿ ಬಾಯಿಬಿಡುವವರು ಯಾರೂ ಇಲ್ಲ ಎಂದು ಬಾರ್ತೊಲಾ ತಟ್ಟೆ ತೊಳೆಯಲು ಕೂತಳು. ಎರಡನೆಯ ತಟ್ಟೆಗೆ ಕೈ ಹಾಕಿದಾಗ ನೆನಪಾಯಿತು. ಅವನು ಸಿಡಿದರೆ ಬೆಟ್ಟದ ಒಂದು ಪಕ್ಕವೇ ಸಮುದ್ರಕ್ಕೆ ಜಾರಿ, ನೀರು ಗೋಡೆಯಂತೆ ಎದ್ದು ದಡಕ್ಕೆ ನುಗ್ಗುತ್ತದೆ. ಅಂಥ ದಿನ ಜಿನೋಸ್ತ್ರದವರು ಕಾಲು ತೊಳೆಯಲೂ ನೀರಿಗಿಳಿಯುವುದಿಲ್ಲ.

ಗಡಿಯಾರ ನೋಡಿದಳು, ಮೂರು ಗಂಟೆ; ಅಂಗಳಕ್ಕೆ ಬಂದಳು. ನತಾಲೆ ಅಜ್ಜ ಬೇಲಿಯ ಬಳಿ ನಿಂತು ಅವಳನ್ನೇ ನೋಡುತ್ತಿದ್ದ. ಏನೂ ಹೇಳಲಿಲ್ಲ. ಬಾಯಿಗೆ ಬೀಗ ಹಾಕ್ಕೋ ಎಂದವಳು ಅವಳೇ ಅಲ್ಲವೇ.

ಒಂದು ಗಂಟೆ ತಡಕೋ, ಒಂದೇ ಒಂದು ಗಂಟೆ ಎಂದು ಬಾರ್ತೊಲಾ ಬೆಟ್ಟಕ್ಕೆ ಮನಸ್ಸಿನಲ್ಲೇ ಕೈಮುಗಿದಳು. ಬೆಳಗಿನಿಂದ ಏನೂ ಆಗಿಲ್ಲ, ಇನ್ನೊಂದು ಗಂಟೆಯಲ್ಲಿ ಏನಾದೀತು? ಹಾಗಂದುಕೊಳ್ಳುತ್ತಿರುವಾಗಲೇ ಕಾಲುಗಳು ಮೆಟ್ಟಿಲಿಳಿಯುತ್ತಿದ್ದವು, ಲಂಗ ಎತ್ತಿ ಕಟ್ಟಿಕೊಂಡು ಓಡುತ್ತಿದ್ದಳು.

ರೆನಾತಾ ಕರಿಬಂಡೆಗಳನ್ನು ದಾಟಿ ಬಹಳ ದೂರ ಈಜಿಹೋಗಿದ್ದಳು.

"ಟೀಚರಮ್ಮಾ, ಬನ್ನಿ! ಅಲ್ಲಿ ಸುಡೋ ಮೀನಿದೆ, ಮುಟ್ಟಿದ್ರೆ ಮೈಯೆಲ್ಲ ಬೊಬ್ಬೆ!"

"ಒಂದೂ ಇಲ್ಲ ರೀ, ನೋಡಿದೆ! ನೀರು ಗಾಜಿನ ಹಾಗಿದೆ, ನೀವೂ ಬನ್ನಿ!"

ಇನ್ನೊಂದು ಸುಳ್ಳು ಹೊಳೆಯಲಿಲ್ಲ. ಹೊಳೆಯಲಿಲ್ಲವೆಂದು ಆಮೇಲೆ ಎಷ್ಟೋ ಸಲ ತನ್ನನ್ನೇ ಬೈದುಕೊಂಡಳು.

"ಅವನು ಬೆಳಗಿನಿಂದ ಸುಮ್ನಿದಾನೆ! ಸುಮ್ನಾದ್ರೆ ಸಿಡೀತಾನೆ! ಸಿಡಿದ್ರೆ ಸಮುದ್ರ ಮೇಲೆ ಬರುತ್ತೆ! ನಿಮ್ ಕಾಲಿಗ್ ಬೀಳ್ತೀನಿ, ಬೇಗ ಬನ್ನಿ!"

ರೆನಾತಾ ಅಷ್ಟು ವೇಗವಾಗಿ ಈಜಬಲ್ಲಳೆಂದು ಯಾರೂ ಅಂದುಕೊಂಡಿರಲಿಕ್ಕಿಲ್ಲ. ಒದ್ದೆ ಮೈಯಲ್ಲೇ ಮೆಟ್ಟಿಲು ಹತ್ತಿ, ಊರಿನ ಮೊದಲ ಮನೆಯೆದುರು ನಿಂತಳು. ಅದೇ ಕಿಟಕಿಗಳನ್ನು ಇನ್ನೊಮ್ಮೆ ನೋಡಿದಳು.

"ಇವನ್ನೆಲ್ಲ ತೆಗೆದಿಟ್ಟಿರೋದು..."

"ಗಾಜು ಒಡೀಬಾರದು ಅಂತ."

"ಕತ್ತೆ?"

"ತಪ್ಪಿಸ್ಕೊಂಡು ಓಡ್ಲಿ ಅಂತ."

ರೆನಾತಾ ಕಲ್ಲಿನ ಮೇಲೆ ಕುಸಿದು ಕೂತಳು. "ನಾನು ನೀರಿಗೆ ಇಳೀದೇ ಇದ್ದಿದ್ರೆ ಹೇಳ್ತಿದ್ರಾ?"

ಬಾರ್ತೊಲಾಳಿಗೆ ನೆಲ ಬಿರಿದು ನುಂಗಬಾರದೇ ಎನಿಸಿತು. "ಇಲ್ಲ," ಎಂದಳು.

ಆಗಲೂ ಅವಳ ಕಿವಿ ಬೆಟ್ಟದ ಕಡೆಗೇ ಇತ್ತು.

"ನಿಮ್ಮ ಮೇಲೆ ನಂಗೆ ಸಿಟ್ಟಿಲ್ಲ. ನಿಮ್ಮ ಜಾಗದಲ್ಲಿದ್ರೆ ನಾನೂ ಹೇಳ್ತಿರಲಿಲ್ಲವೇನೋ. ಆದ್ರೆ ನಂಗೆ ಅಷ್ಟು ಧೈರ್ಯ ಇಲ್ಲ ರೀ. ಆ ಕಾಗದ ವಾಪಸ್ ಕೊಡಿ."

ಗಂಟು ಎಷ್ಟು ಬಿಗಿಯಾಗಿತ್ತೆಂದರೆ ಬಾರ್ತೊಲಾ ಹಲ್ಲಿನಿಂದ ಬಿಚ್ಚಬೇಕಾಯಿತು.

ನಾಲ್ಕರ ಹಡಗು ರೆನಾತಾಳನ್ನು ಹತ್ತಿಸಿಕೊಂಡು ಹೋಯಿತು. ಅದು ಇನ್ನೂ ಕಣ್ಣಿಗೆ ಕಾಣುತ್ತಿರುವಾಗಲೇ, ಒನೊಫ್ರಿಯೊ ದೋಣಿಯನ್ನು ದಡಕ್ಕೆ ಎಳೆಯುತ್ತಿರುವಾಗಲೇ, ಅವನು ಗುಡುಗಿದ. ದೊಡ್ಡದೇನಲ್ಲ, ದಿನದ ಗುಡುಗು. ಒಂದಿಷ್ಟು ಹೊಗೆ, ನಾಲ್ಕು ಕಲ್ಲು. ಕಾಲು ಗಂಟೆ ಬಿಟ್ಟು ಮತ್ತೊಮ್ಮೆ. ಮನೆಮನೆಯಿಂದ ಜನ ಹೊರಗೆ ಬಂದು ಶಿಲುಬೆಯ ಗುರುತು ಮಾಡಿಕೊಂಡು ನಕ್ಕರು. ಯಾರೋ ವೈನ್ ಬಾಟಲಿ ತೆಗೆದರು. ನತಾಲೆ ಅಜ್ಜ ಕತ್ತೆಯನ್ನು ಹುಡುಕಿಕೊಂಡು ಹೊರಟ.

ಬಾರ್ತೊಲಾ ಅಂಗಳದ ನಡುವೆ ನಿಂತು ಬೆಟ್ಟಕ್ಕೆ ಕೈಯೆತ್ತಿ ಕೂಗಿದಳು. "ಮೂರು ಗಂಟೆಗೇ ಗುಡುಗಿದ್ರೆ ನಿನ್ನ ಗಂಟೇನು ಹೋಗ್ತಿತ್ತೋ, ಹಾಳಾದವನೇ! ಯಾರೂ ಸಾಯಲಿಲ್ಲ, ಒಂದು ಗಾಜೂ ಒಡೀಲಿಲ್ಲ. ನನ್ನ ಮನೆ ಒಂದನ್ನೇ ಒಡೆದೆಯಲ್ಲೋ!" ಒನೊಫ್ರಿಯೊ ಬಂದು ಭುಜ ಹಿಡಿದು ಒಳಗೆ ಕರೆದುಕೊಂಡು ಹೋದ.

ಅವಳು ಒಂದೊಂದಾಗಿ ಕಿಟಕಿ ಮುಚ್ಚುತ್ತಾ ಬಂದಳು. ಸಾಂತಿನಾ ಹಿಂದೆ ಹಿಂದೆಯೇ ಬಂದಳು. ಅವಳಿಗೆ ಎಲ್ಲ ತಿಳಿದುಹೋಗಿತ್ತು.

"ಅಮ್ಮಾ, ಲಿಪಾರಿಯಲ್ಲಿ ಅವನ ಸದ್ದು ಕೇಳುತ್ತಾ?"

"ಇಲ್ಲ ಮಗಳೇ. ಅಲ್ಲಿಗೆ ಕೇಳಲ್ಲ."

"ದಿನಾ ಇವತ್ತಿನ ಥರಾನೇ ಇರುತ್ತಾ? ಸುಮ್ನೆ?"

"ದಿನಾ."

"ಹಾಗಾದ್ರೆ ಅಲ್ಲಿರೋ ಮಕ್ಕಳೆಲ್ಲ ಹೇಗೆ ನಿದ್ದೆ ಮಾಡ್ತಾರೆ?"

ಬಾರ್ತೊಲಾ ಕೊನೆಯ ಕಿಟಕಿಯ ಮೇಲೆ ಕೈಯಿಟ್ಟು ಹಾಗೇ ನಿಂತಳು. ಅದನ್ನು ಮುಚ್ಚಲು ಅವಳಿಗೆ ಮನಸ್ಸಾಗಲಿಲ್ಲ.