ಅತ್ತೆಯ ಪಾಲಿಗೆ ಬಂದ ಪಾಠ

ಅತ್ತೆ, ಸೊಸೆ ಒಂದೇ ಶಾಲೆಯಲ್ಲಿ ಟೀಚರ್. ಅತ್ತೆ ಗಣಿತ, ಸೊಸೆ ವಿಜ್ಞಾನ. ಮನೆಯಲ್ಲಿ ಹತ್ತಿಕೊಂಡ ಜಗಳ ಸ್ಟಾಫ್ ರೂಮಿನಲ್ಲಿ ಹೊಗೆಯಾಡಿ ಸಂಜೆ ಮತ್ತೆ ಅಡುಗೆಮನೆಗೆ ಬರುತ್ತಿತ್ತು. ನಡುವೆ ಸಿಕ್ಕಿಕೊಂಡ ಮಗ ಬಾಯಿಗೆ ಬೀಗ ಹಾಕಿಕೊಂಡಿದ್ದ.

ಸಂತಾನೋತ್ಪತ್ತಿಯ ಪಾಠವನ್ನು ಆ ಶಾಲೆಯಲ್ಲಿ ಯಾರೂ ಮಾಡುತ್ತಿರಲಿಲ್ಲ. ‘ಮನೇಲಿ ಓದ್ಕೊಳ್ಳಿ’ ಎಂದು ಹಾರಿಸುವುದೇ ರೂಢಿ. ಸೊಸೆ ಹಾರಿಸಲಿಲ್ಲ. ಹುಡುಗ ಹುಡುಗಿಯರನ್ನು ಒಟ್ಟಿಗೆ ಕೂರಿಸಿ, ಬೋರ್ಡಿನ ಮೇಲೆ ಚಿತ್ರ ಬರೆದು, ಮುಟ್ಟು ಯಾಕಾಗುತ್ತದೆ, ಗರ್ಭ ಹೇಗೆ ನಿಲ್ಲುತ್ತದೆ ಎಂದು ಪ್ರತಿಯೊಂದನ್ನೂ ಹೆಸರು ಹಿಡಿದೇ ಹೇಳಿದಳು. ಗರ್ಭ ತಡೆಯುವ ಭಾಗ ಮಾತ್ರ ಉಳಿದಿತ್ತು.

ಮಾರನೆಯ ದಿನ ಪೋಷಕರು ಹೆಡ್‌ಮಾಸ್ಟರ ಕೋಣೆಗೆ ನುಗ್ಗಿದರು. ಮುಂದಾಳು ಹಾರ್ಡ್‌ವೇರ್ ಅಂಗಡಿಯವನು.

“ನಮ್ಮ ಮಕ್ಕಳನ್ನ ಕೆಡಿಸೋಕೆ ಸಂಬಳ ಕೊಡ್ತಾರೇನಮ್ಮಾ ನಿನಗೆ?”

“ಸರಿ, ನಾನು ಹೇಳಲ್ಲ. ಇವತ್ತು ಸಂಜೆ ನೀವೇ ಮಕ್ಕಳನ್ನ ಕೂರಿಸ್ಕೊಂಡು ಹೇಳಿ. ಯಾರ್ಯಾರು ಹೇಳ್ತೀರಿ, ಕೈ ಎತ್ತಿ,” ಎಂದಳು ಸೊಸೆ.

ಒಂದು ಕೈಯೂ ಮೇಲೇಳಲಿಲ್ಲ.

“ಹಂಗಾದ್ರೆ ಅವರ ಕೈಲಿರೋ ಫೋನು ಹೇಳುತ್ತೆ. ತಪ್ಪು ತಪ್ಪಾಗಿ.”

ಕೋಣೆ ಕುದಿಯಿತು. ಆಗ ಹಿರಿಯ ಟೀಚರ್ ಅಂತ ಅಲ್ಲೇ ಕೂತಿದ್ದ ಅತ್ತೆ ಎದ್ದು ನಿಂತರು. “ಸೊಸೆ ಅಂತ ಪಕ್ಷ ವಹಿಸಲ್ಲ ನಾನು. ನಾಚಿಕೆ ಅನ್ನೋದನ್ನ ಇವಳ ತವರಲ್ಲಿ ಕಲಿಸಿಲ್ಲ. ಕ್ಷಮೆ ಕೇಳಲಿ.”

ಸೊಸೆ ಕೇಳಲಿಲ್ಲ. ಪರೀಕ್ಷೆಗಿರುವ ಪಾಠವನ್ನು ಬಿಡುವ ಹಾಗೂ ಇಲ್ಲ. ಹೆಡ್‌ಮಾಸ್ಟರು ಬೆವರು ಒರೆಸಿಕೊಂಡು ದಾರಿ ಕಂಡುಹಿಡಿದರು: “ಈ ಪಾಠವನ್ನ ಇನ್ಮೇಲೆ ಹಿರಿಯ ಟೀಚರ್ ಮಾಡ್ತಾರೆ. ಮರ್ಯಾದೆಯಿಂದ ಹೇಳ್ತಾರೆ.” ಎಲ್ಲರೂ ತಲೆಯಾಡಿಸಿದರು. ಅತ್ತೆಯ ಮುಖ ಹರಳೆಣ್ಣೆ ಕುಡಿದಂತಾಯಿತು.

ಸಂಜೆ ಅಡುಗೆಮನೆಯ ಕಟ್ಟೆಯ ಮೇಲೆ ಅತ್ತೆ ಪುಸ್ತಕ ಕುಕ್ಕಿದರು.

“ಈ ಚಿತ್ರಕ್ಕೆ ನೀನು ಏನಂತ ಹೇಳಿದೆ?”

“ನಾಚಿಕೆಗೆಟ್ಟವಳನ್ನ ಯಾಕೆ ಕೇಳ್ತೀರಿ?”

“ಬಾಯಿ ಮುಚ್ಕೊಂಡು ಹೇಳು.”

ಸೊಸೆಗೆ ನಗು ಬಂತು, ನುಂಗಿಕೊಂಡಳು. ಚಿತ್ರದ ಮೇಲೆ ಬೆರಳಿಟ್ಟಳು. “ಇದೇನು, ನೀವೇ ಹೇಳಿ.”

“ಅದೇ... ಅದು.”

“ಅದು ಅಂತ ಬರೆದ್ರೆ ಮಾರ್ಕ್ಸ್ ಬರಲ್ಲ. ಗರ್ಭಕೋಶ ಅನ್ನಿ.”

ಅತ್ತೆ ಅನ್ನಲಿಲ್ಲ. ಚಿತ್ರವನ್ನೇ ದಿಟ್ಟಿಸಿದರು. “ನನಗೆ ಇದು ಇದೆಯೋ ಇಲ್ವೋ?”

“ಅಂದ್ರೆ?”

“ನಿನ್ನ ಮಾವ ಇದ್ದಾಗ ಆಪರೇಷನ್ ಆಯ್ತು. ಡಾಕ್ಟರು ಅವರ ಹತ್ರಾನೇ ಮಾತಾಡಿದ್ರು. ಗಡ್ಡೆ ತೆಗೆದ್ರು ಅಂದ್ರು ಇವರು. ಮುಟ್ಟೂ ಅಲ್ಲಿಗೇ ನಿಂತೋಯ್ತು. ಏನೇನು ತೆಗೆದ್ರೋ. ಕೇಳೋಣ ಅಂದ್ರೆ ಏನಂತ ಕೇಳೋದು? ಬಾಯಿಗೆ ಹೆಸರೇ ಬರ್ತಿರಲಿಲ್ಲ.”

ಸೊಸೆ ಚಿತ್ರದ ಮೇಲಿನ ಬೆರಳು ತೆಗೆದು ಅತ್ತೆಯ ಮುಖ ನೋಡಿದಳು. “ಇದನ್ನೇ ತೆಗೆದಿರಬೇಕು ಅತ್ತೆ. ಸ್ಕ್ಯಾನ್ ಮಾಡಿಸಿದ್ರೆ ಗೊತ್ತಾಗುತ್ತೆ.”

“ಪಾಪ ಅನ್ನೋ ಮುಖ ಮಾಡಬೇಡ. ನಿನ್ನ ಮೇಲಿನ ಸಿಟ್ಟು ಇಳಿದಿಲ್ಲ. ಮುಂದಕ್ಕೆ ಹೇಳು.”

ಮರುದಿನ ಅತ್ತೆ ಪ್ರಮೇಯ ಸಾಧಿಸುವವರಂತೆ ಪಾಠ ಮಾಡಿದರು. ‘ಗರ್ಭಕೋಶ’ ಎಂದಾಗ ಹಿಂದಿನ ಬೆಂಚು ಕಿಸಕ್ಕೆಂದಿತು. ಅತ್ತೆ ಸೀಮೆಸುಣ್ಣ ಬೀಸಿ ಒಗೆದರು. “ಅಲ್ಲಿಂದ ಬರದೇ ಇರೋನು ಯಾರಾದ್ರೂ ಇದ್ರೆ ನಗಲಿ!”

ಅಂಗಡಿಯವನು ಮತ್ತೆ ಬಂದ, ದನಿ ಇನ್ನೂ ಜೋರಾಗಿತ್ತು. “ನಿಮ್ಮಂಥ ಹಿರಿಯರೂ ಹಿಂಗೆ ಮಾಡೋದಾ?”

“ಹಿರಿಯಳಾಗಿದ್ದಕ್ಕೇ ಹೇಳ್ತಿದ್ದೀನಿ. ನನಗೆ ಗೊತ್ತಿಲ್ಲದೇ ಹೋಗಿದ್ದು ನಿನ್ನ ಮಗಳಿಗಾದ್ರೂ ಗೊತ್ತಿರಲಿ.”

ಅವನು ಅವತ್ತೇ ಮಗಳನ್ನು ಶಾಲೆ ಬಿಡಿಸಿದ. ಪುಸ್ತಕದ ಚೀಲ ಅಪ್ಪಿಕೊಂಡು ಹೊರಟ ಹುಡುಗಿ ಯಾರ ಕಡೆಗೂ ನೋಡಲಿಲ್ಲ. ಅತ್ತೆ, ಸೊಸೆ ಇಬ್ಬರೂ ವರಾಂಡದಲ್ಲಿ ನಿಂತು ನೋಡಿದರು.

“ಗರ್ಭ ತಡೆಯೋ ಭಾಗ ಉಳಿದಿದೆ, ಅದು ನನ್ನ ಕೈಲಾಗಲ್ಲ. ನಾಳೆ ನೀನೇ ಮಾಡು,” ಎಂದರು ಅತ್ತೆ.

“ಹೆಡ್‌ಮಾಸ್ಟರು?”

“ಬಾಗಿಲಲ್ಲಿ ನಾನು ನಿಂತಿರ್ತೀನಿ.”

ಮರುದಿನ ನಿಂತರು ಕೂಡ. ಆದರೆ ಸಿಟ್ಟು ಇಳಿದಿರಲಿಲ್ಲ; ಸಂಜೆ ಮನೆಯವರೆಗೂ ಸೊಸೆಯ ಜೊತೆ ಒಂದು ಮಾತೂ ಆಡಲಿಲ್ಲ.